ಹಳೆಯ ಜೆಮ್ ರೇಜರಿಗೆ ಬೇರೆ ಬ್ಲೇಡ್ ಹಾಕಿ ನೋಡುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಅಜ್ಜನ ಪೆಟ್ಟಿಗೆಯಲ್ಲೋ ಬೆಂಗಳೂರಿನ ಸಂಡೆ ಬಜಾರಿನಲ್ಲೋ ಒಂದು ಹಳೆಯ ರೇಜರ್ ಸಿಗುತ್ತದೆ. ಕೈಗೆ ತೂಕವಾಗಿದೆ, ಹಿತ್ತಾಳೆಯ ಮೇಲೆ ನಿಕ್ಕೆಲ್ ಲೇಪ, ತಲೆಯ ಒಂದೇ ಕಡೆ ಹಲ್ಲುಗಳು. ಅದರ ಮೇಲೆ ಜೆಮ್ ಅಥವಾ ಎವರ್-ರೆಡಿ ಎಂದು ಕೆತ್ತಿದೆ. ಅಂಗಡಿಗೆ ಹೋಗಿ ಬ್ಲೇಡ್ ಕೇಳಿದರೆ ಸೆವೆನ್ ಓ ಕ್ಲಾಕ್ ಕೊಡುತ್ತಾರೆ, ಟೋಪಾಜ್ ಕೊಡುತ್ತಾರೆ. ಎರಡೂ ಎರಡು ಬಾಯಿಯ ತೆಳು ಬ್ಲೇಡುಗಳು, ಈ ರೇಜರಿನಲ್ಲಿ ಕೂರುವುದಿಲ್ಲ. ಆಗ ಕೈ ಸಹಜವಾಗಿ ಬೇರೆ ದಾರಿ ಹುಡುಕುತ್ತದೆ. ಒಂದು, ಪೇಂಟ್ ಕೆರೆಯಲು ಹಾರ್ಡ್‌ವೇರ್ ಅಂಗಡಿಯಲ್ಲಿ ಮಾರುವ ಒಂದು ಬಾಯಿಯ ಬ್ಲೇಡ್. ಇನ್ನೊಂದು, ಸೆಲೂನಿನಲ್ಲಿ ಮಾಡುವ ಹಾಗೆ ಮಾಮೂಲಿ ಬ್ಲೇಡನ್ನು ಅರ್ಧಕ್ಕೆ ಮುರಿದು ಹಾಕುವುದು.

ಬ್ಲೇಡು ರೇಜರಿನೊಳಗೆ ಕೂತಿತು ಎಂದ ಮಾತ್ರಕ್ಕೆ ಅದರಿಂದ ಶೇವ್ ಮಾಡಬಹುದು ಎಂದಲ್ಲ. ದಪ್ಪ, ಬೆನ್ನು (ಬ್ಲೇಡಿನ ಹಿಂಭಾಗದ ಲೋಹದ ಪಟ್ಟಿ), ಅಂಚಿನ ನಯ, ಈ ಮೂರೂ ಹೊಂದಬೇಕು. ಒಂದು ತಪ್ಪಿದರೂ ಕೆನ್ನೆ ಹೇಳುತ್ತದೆ.

ಮೊದಲು ರೇಜರ್ ಯಾವುದೆಂದು ಗುರುತಿಸಿ

ಕ್ಯಾಂಪೆ ಸಹೋದರರು 1880ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ ಸ್ಟಾರ್ ರೇಜರಿನಿಂದ ಒಂದು ಬಾಯಿಯ ಸೇಫ್ಟಿ ರೇಜರುಗಳ ವಂಶ ಬೆಳೆಯಿತು. ಜಿಲೆಟ್ ಎರಡು ಬಾಯಿಯ ತೆಳು ಬ್ಲೇಡನ್ನು 1903ರಲ್ಲಿ ಮಾರುಕಟ್ಟೆಗೆ ತಂದ ಮೇಲೂ ಈ ವಂಶ ದಶಕಗಳ ಕಾಲ ಉಳಿಯಿತು. ಇಂದು ಕೈಗೆ ಸಿಗುವವು ಹೆಚ್ಚಾಗಿ ಎರಡು ಬಗೆ.

ಮೊದಲನೆಯದನ್ನು ಸಂಗ್ರಾಹಕರು '1912' ಎನ್ನುತ್ತಾರೆ. ತಲೆಯ ಮುಚ್ಚಳ ಹಿಂದಿನ ಹಿಂಜಿನ ಮೇಲೆ ಡಬ್ಬಿಯ ಹಾಗೆ ಮೇಲೇಳುತ್ತದೆ, ಹೆಬ್ಬೆರಳಿನಿಂದ ಎತ್ತಬೇಕು. ಎರಡನೆಯದು ಮೈಕ್ರೊಮ್ಯಾಟಿಕ್. ಹಿಡಿಯ ಬುಡದ ಗುಬುಟು ತಿರುಗಿಸಿದರೆ ಮುಚ್ಚಳ ತಾನಾಗಿ ಏಳುತ್ತದೆ. ಮೊದಲಿನ ಮೈಕ್ರೊಮ್ಯಾಟಿಕ್‌ಗಳಿಗೆ ಬಾಚಣಿಗೆಯಂಥ ಬಿಡಿ ಹಲ್ಲುಗಳಿದ್ದವು, ಆಮೇಲೆ ಬಂದ ಕ್ಲಾಗ್-ಪ್ರೂಫ್‌ಗೆ ಗಟ್ಟಿ ಪಟ್ಟಿ. ಸಂಜೆಯ ಹೊತ್ತಿಗೆ ಮುಖದಲ್ಲಿ ಮೂಡುವ ಗಡ್ಡದ ನೆರಳಿಗೆ ಇಂಗ್ಲಿಷಿನಲ್ಲಿ 'ಫೈವ್ ಓ ಕ್ಲಾಕ್ ಶಾಡೊ' ಎನ್ನುವುದನ್ನು ಕೇಳಿರುತ್ತೀರಿ. ಆ ಮಾತು ಜನರ ಬಾಯಲ್ಲಿ ನೆಲೆಯೂರಿದ್ದು ಜೆಮ್ ಕಂಪನಿಯ ಜಾಹೀರಾತುಗಳಿಂದ.

ಎರಡೂ ಬಗೆಯಲ್ಲಿ ನೋಡಬೇಕಾದ ಭಾಗ ಒಂದೇ. ತಲೆಯ ಮುಂಭಾಗದಲ್ಲಿ, ಎಡ ತುದಿಗೊಂದು ಬಲ ತುದಿಗೊಂದು, ಜೋಳದ ಕಾಳಿಗಿಂತ ಚಿಕ್ಕ ಲೋಹದ ಗುಬುಟುಗಳಿರುತ್ತವೆ. ಬ್ಲೇಡಿನ ಮುಂದಿನ ಎರಡು ಮೂಲೆಗಳು ಇವಕ್ಕೆ ತಾಗಿ ನಿಲ್ಲುತ್ತವೆ. ಇವನ್ನು ತಡೆಗಳು ಎನ್ನೋಣ. ಮುಚ್ಚಳ ಮುಚ್ಚಿದಾಗ ಬ್ಲೇಡಿನ ಬೆನ್ನು ಮುಂದಕ್ಕೆ ಒತ್ತಿಕೊಂಡು, ಅಂಚು ತಡೆಗಳಿಗೆ ಅಂಟಿ ನಿಲ್ಲಬೇಕು. ಅಂಚು ಎಷ್ಟು ಹೊರಗೆ ಬರಬೇಕು ಎಂಬುದನ್ನು ಈ ರೇಜರಿನಲ್ಲಿ ನಿರ್ಧರಿಸುವುದು ಈ ಎರಡು ಗುಬುಟುಗಳೇ. ಒಂದು ಸವೆದಿದ್ದರೂ ಬಾಗಿದ್ದರೂ ಎಷ್ಟೇ ಒಳ್ಳೆಯ ಬ್ಲೇಡ್ ಹಾಕಿದರೂ ಒಂದು ಮೂಲೆ ಮುಂದಕ್ಕೆ ಚಾಚಿ ಚರ್ಮ ಕೊಯ್ಯುತ್ತದೆ. ಕೊಳ್ಳುವಾಗ ಹೊಳಪು ನೋಡುವುದಕ್ಕಿಂತ ಮೊದಲು ತಡೆಗಳನ್ನು ನೋಡಿ. ಹೊಳಪು ಹೋಗಿದ್ದರೂ ಶೇವ್ ಆಗುತ್ತದೆ, ತಡೆ ಹೋಗಿದ್ದರೆ ಆಗುವುದಿಲ್ಲ.

ತೊಳೆಯುವುದು

ಹಳೆಯ ರೇಜರಿನ ಸಂದುಗಳಲ್ಲಿ ದಶಕಗಳ ಸೋಪು ಕಲ್ಲಾಗಿ ಕೂತಿರುತ್ತದೆ. ಉಗುರು ಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕು ಹನಿ ಹಾಕಿ ಅರ್ಧ ಗಂಟೆ ನೆನೆಸಿ. ಮೃದುವಾದ ಹಳೆಯ ಟೂತ್‌ಬ್ರಶ್‌ನಿಂದ ಹಿಂಜ್, ಹಲ್ಲುಗಳ ನಡು, ತಡೆಗಳ ಹಿಂಬದಿ ಉಜ್ಜಿ. ಬಿಡದಿದ್ದರೆ ಮತ್ತೆ ನೆನೆಸಿ, ಚೂಪಾದದ್ದರಿಂದ ಕೆರೆಯಬೇಡಿ.

ನಮ್ಮ ಮನೆಗಳಲ್ಲಿ ಹಿತ್ತಾಳೆ ಎಂದರೆ ಹುಣಸೆಹಣ್ಣು, ನಿಂಬೆಹಣ್ಣು ಅಥವಾ ಪೀತಾಂಬರಿ ಪುಡಿ. ರೇಜರಿಗೆ ಇವು ಮೂರೂ ಬೇಡ. ದೀಪದ ಕಂಬ ಬರಿಯ ಹಿತ್ತಾಳೆ, ಹುಳಿ ತಡೆದುಕೊಳ್ಳುತ್ತದೆ. ರೇಜರಿನ ಮೇಲಿರುವುದು ತೆಳು ಲೇಪ. ಹುಳಿ ಅದನ್ನು ಮಂಕು ಮಾಡುತ್ತದೆ, ಪುಡಿ ಸವೆಸುತ್ತದೆ. ಚಿನ್ನದ ಲೇಪವಾದರೆ ಒಂದೇ ಉಜ್ಜಿಗೆ ಹೋಗಬಹುದು.

ಒಣಗಿದ ಮೇಲೆ 70% ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ತಲೆ ಪೂರ್ತಿ ಮುಳುಗುವಂತೆ ಹತ್ತು ನಿಮಿಷ ಇಟ್ಟು, ಗಾಳಿಗೆ ಒಣಗಿಸಿ. ಇದನ್ನೇ ಮುಂದೆ ಸ್ಪಿರಿಟ್ ಎನ್ನೋಣ. ಬೇರೆಯವರ ಮುಖದ ಮೇಲೆ ಓಡಾಡಿದ ಉಪಕರಣವಿದು. ತೊಳೆಯುವ ಮತ್ತು ಸ್ಪಿರಿಟ್ ಹಾಕುವ ಎರಡೂ ಹಂತ ಆಗಲೇಬೇಕು. ಸೋಪಿನ ಪದರ ಉಳಿದಿದ್ದರೆ ಸ್ಪಿರಿಟ್ ಅದರ ಅಡಿಗೆ ಇಳಿಯುವುದಿಲ್ಲ.

ಅಳತೆ: ಮೂರು ಹಾಳೆಯ ಲೆಕ್ಕ

ಮಾಮೂಲಿ ಎರಡು ಬಾಯಿಯ ಬ್ಲೇಡು ಸುಮಾರು 43 ಮಿ.ಮೀ. ಉದ್ದ, 22 ಮಿ.ಮೀ. ಅಗಲ, 0.1 ಮಿ.ಮೀ. ದಪ್ಪ. ಜೆಮ್ ಬ್ಲೇಡಿನ ದಪ್ಪ 0.009 ಇಂಚು, ಅಂದರೆ ಸುಮಾರು 0.23 ಮಿ.ಮೀ. ಜೊತೆಗೆ ಹಿಂಭಾಗದ ಉದ್ದಕ್ಕೂ ಮಡಚಿ ಕೂರಿಸಿದ ಲೋಹದ ಬೆನ್ನು. ಕೆರೆಯುವ ಬ್ಲೇಡುಗಳಲ್ಲಿ ನಂಬರ್ 9 ಮತ್ತು ನಂಬರ್ 12 ಎಂದು ಎರಡಿವೆ. 9 ಎಂದರೆ 0.009 ಇಂಚು, 12 ಎಂದರೆ 0.012 ಇಂಚು, ಅಂದರೆ 0.30 ಮಿ.ಮೀ.

ಪ್ರಿಂಟರಿಗೆ ಹಾಕುವ 80 ಜಿಎಸ್ಎಂ ಹಾಳೆ ಹತ್ತಿರಹತ್ತಿರ 0.1 ಮಿ.ಮೀ. ದಪ್ಪ ಇರುತ್ತದೆ. ಮಾಮೂಲಿ ಬ್ಲೇಡು ಒಂದು ಹಾಳೆ, ಜೆಮ್ ಎರಡೂಕಾಲು ಹಾಳೆ, ನಂಬರ್ 12 ಮೂರು ಹಾಳೆ ಎಂದು ಮನಸ್ಸಿನಲ್ಲಿಟ್ಟುಕೊಳ್ಳಿ. ಸರಿಯಾಗಿ ಅಳೆಯಬೇಕೆಂದರೆ ವರ್ನಿಯರ್ ಕ್ಯಾಲಿಪರ್ ಸಾಕು. ಬೆನ್ನನ್ನು ಬಿಟ್ಟು, ಬ್ಲೇಡಿನ ನಡುಭಾಗವನ್ನು ಅಳೆಯಿರಿ. ಅಂಚಿಗೆ ಕ್ಯಾಲಿಪರ್ ತಾಗಿಸಿದರೆ ಅಂಚೂ ಹಾಳು, ಅಳತೆಯೂ ಸುಳ್ಳು.

ಯಾವ ಬ್ಲೇಡ್, ಯಾಕೆ

*ಲೇಪವಿರುವ ಸ್ಟೇನ್‌ಲೆಸ್ ಜೆಮ್ ಬ್ಲೇಡ್.* ಹೋಲಿಸಿ ನೋಡಲು ಮೊದಲು ಇದೊಂದು ಪ್ಯಾಕೆಟ್ ನಿಮ್ಮ ಬಳಿ ಇರಲೇಬೇಕು. ಇದರ ಅಂಚಿನ ಮೇಲೆ ಪಿಟಿಎಫ್ಇ ಲೇಪ ಇರುತ್ತದೆ. ತವಾದ ನಾನ್‌ಸ್ಟಿಕ್ ಲೇಪದ ಜಾತಿಯದೇ ಇದು, ಕೂದಲಿನ ಮೇಲೆ ಅಂಚು ಜಾರುವುದು ಇದರಿಂದಲೇ. ನಮ್ಮ ಊರಿನ ಅಂಗಡಿಗಳಲ್ಲಿ ಸಿಗುವುದು ಅಪರೂಪ, ಹೊರದೇಶದಿಂದ ತರಿಸಬೇಕಾಗುತ್ತದೆ. ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ನೆಂಟರಿದ್ದರೆ ಹೇಳಿ ತರಿಸಿಕೊಳ್ಳಿ. ಬರುವವರು ಚೆಕ್-ಇನ್ ಲಗೇಜಿನಲ್ಲೇ ಇಡಬೇಕು, ಕೈಚೀಲದಲ್ಲಿ ಬಿಡಿ ಬ್ಲೇಡಿಗೆ ಅವಕಾಶವಿಲ್ಲ. ಸಾಮಾನ್ಯವಾಗಿ ಐದಾರು ಶೇವ್ ಬರುತ್ತದೆ.

*ಪ್ರಯೋಗಾಲಯದ ಒಂದು ಬಾಯಿಯ ಬ್ಲೇಡ್.* ಎಲೆಕ್ಟ್ರಾನ್ ಮೈಕ್ರೋಸ್ಕೋಪಿ ಪ್ರಯೋಗಾಲಯಗಳಿಗೆ ಸಾಮಗ್ರಿ ಒದಗಿಸುವವರು ಮಾರುವ ಒಂದು ಬಾಯಿಯ ಬ್ಲೇಡುಗಳಲ್ಲಿ ಕೆಲವು ಜೆಮ್ ಅಳತೆಯವೇ. ಅವುಗಳಲ್ಲಿಯೂ ಎರಡು ಬಗೆ. ಪೊಟ್ಟಣದ ಮೇಲೆ ಸ್ಟೇನ್‌ಲೆಸ್ ಎಂದೂ ಪಿಟಿಎಫ್ಇ ಲೇಪ ಎಂದೂ ಎರಡೂ ಬರೆದಿದ್ದರೆ ಅದು ಶೇವ್‌ಗೆ ಆಗುತ್ತದೆ, ಪ್ರಯೋಗ ಮಾಡಿ ನೋಡಲು ಯೋಗ್ಯವಾದ ಬ್ಲೇಡ್ ಇದೇ. ಬರಿ ಕಾರ್ಬನ್ ಸ್ಟೀಲ್ ಎಂದಿದ್ದರೆ ಮಾದರಿ ಕತ್ತರಿಸಲು ಮಾಡಿದ್ದು ಎಂದು ತಿಳಿದು ಬಿಟ್ಟುಬಿಡಿ.

*ಹಾರ್ಡ್‌ವೇರ್ ಅಂಗಡಿಯ ಕೆರೆಯುವ ಬ್ಲೇಡ್.* ಎಲ್ಲರಿಗೂ ಆಸೆ ಹುಟ್ಟಿಸುವ ಬ್ಲೇಡ್ ಇದು, ಅದಕ್ಕೇ ಬಿಡಿಸಿ ಹೇಳಬೇಕು. ನಂಬರ್ 9 ಆದರೆ ರೇಜರಿನಲ್ಲಿ ಚೆನ್ನಾಗಿಯೇ ಕೂರುತ್ತದೆ. ದಪ್ಪ ಹೊಂದುತ್ತದೆ, ಬೆನ್ನೂ ಇದೆ. ಸೋಲುವುದು ಅಂಚಿನಲ್ಲಿ. ಶೇವಿಂಗ್ ಬ್ಲೇಡಿನ ಅಂಚನ್ನು ಹಂತಹಂತವಾಗಿ ಮಸೆದು, ತೊಗಲಿನ ಮೇಲೆ ತಿಕ್ಕಿ, ಮೇಲೆ ಲೇಪ ಕೊಟ್ಟಿರುತ್ತಾರೆ. ಕೆರೆಯುವ ಬ್ಲೇಡಿಗೆ ಗಾಜಿನ ಮೇಲಿನ ಪೇಂಟ್ ಎಬ್ಬಿಸುವಷ್ಟು ಹರಿತ ಸಾಕು. ಮಸೆದ ಗೆರೆಗಳು ಹಾಗೇ ಉಳಿದಿರುತ್ತವೆ, ತುಕ್ಕು ಹಿಡಿಯದಿರಲೆಂದು ಎಣ್ಣೆ ಸವರಿರುತ್ತಾರೆ, ಲೇಪ ಇರುವುದಿಲ್ಲ.

ಕಣ್ಣಾರೆ ನೋಡಬೇಕೆಂದರೆ ಎರಡೂ ಬ್ಲೇಡನ್ನು ಪಕ್ಕಪಕ್ಕ ಇಟ್ಟು, ಕತ್ತಲೆಯಲ್ಲಿ ಮೊಬೈಲಿನ ಟಾರ್ಚನ್ನು ಓರೆಯಾಗಿ ಹಿಡಿದು, ಭೂತಗನ್ನಡಿಯಲ್ಲಿ ಅಂಚು ನೋಡಿ. ಶೇವಿಂಗ್ ಬ್ಲೇಡಿನ ಅಂಚು ಒಂದೇ ಸಮನಾದ ಬೆಳಕಿನ ಎಳೆ. ಕೆರೆಯುವ ಬ್ಲೇಡಿನಲ್ಲಿ ಆ ಎಳೆ ಅಲ್ಲಲ್ಲಿ ಮಿಣುಕಿ ಮಿಣುಕಿ ತುಂಡಾಗುತ್ತದೆ. ಆ ಮಿಣುಕುವ ಜಾಗಗಳು ಕೂದಲನ್ನು ಕತ್ತರಿಸುವ ಬದಲು ಹಿಡಿದು ಎಳೆಯುತ್ತವೆ. ಚರ್ಮದ ಪಟ್ಟಿಯ ಮೇಲೆ ಎಷ್ಟು ತಿಕ್ಕಿದರೂ ಇದು ಸರಿಹೋಗುವುದಿಲ್ಲ. ತಿಕ್ಕುವುದು ಅಂಚನ್ನು ನೇರ ಮಾಡುತ್ತದೆಯೇ ಹೊರತು ಹೊಸ ಅಂಚು ಹುಟ್ಟಿಸುವುದಿಲ್ಲ. ನಂಬರ್ 12 ಅಂತೂ ಹಾಕಲೇಬೇಡಿ. ಮುಚ್ಚಳ ಪೂರ್ತಿ ಕೂರುವುದಿಲ್ಲ, ಬಲವಂತವಾಗಿ ಒತ್ತಿದರೆ ಹಳೆಯ ಹಿಂಜ್ ಬಾಗುತ್ತದೆ, ಅದಕ್ಕೆ ಬಿಡಿಭಾಗ ಸಿಗುವುದಿಲ್ಲ.

*ಅರ್ಧಕ್ಕೆ ಮುರಿದ ಮಾಮೂಲಿ ಬ್ಲೇಡ್.* ಸೆಲೂನಿನಲ್ಲಿ ಬ್ಲೇಡನ್ನು ಉದ್ದಕ್ಕೆ ಮುರಿದು ಉಸ್ತ್ರಾಕ್ಕೆ ಸಿಕ್ಕಿಸುವುದನ್ನು ನಾವೆಲ್ಲ ನೋಡಿದ್ದೇವೆ. ಅಲ್ಲಿ ಅದು ಚೆನ್ನಾಗಿ ಕೆಲಸ ಮಾಡುವುದಕ್ಕೆ ಕಾರಣ, ಉಸ್ತ್ರಾದ ಹಿಡಿಕೆ ಬ್ಲೇಡನ್ನು ಉದ್ದಕ್ಕೂ ಬಿಗಿಯಾಗಿ ಅಮುಕಿ ಹಿಡಿದು, ಅಂಚನ್ನಷ್ಟೇ ಹೊರಗೆ ಬಿಡುತ್ತದೆ. ಎರಡು ಬಾಯಿಯ ರೇಜರಿನಲ್ಲಿ ಅದೇ ತೆಳು ಬ್ಲೇಡನ್ನು ಬಿಲ್ಲಿನಂತೆ ಬಗ್ಗಿಸಿ ಗಟ್ಟಿ ಮಾಡುತ್ತಾರೆ. ಜೆಮ್ ರೇಜರಿನಲ್ಲಿ ಈ ಎರಡೂ ಇಲ್ಲ. ಅದು ಬ್ಲೇಡಿನ ಸ್ವಂತ ದಪ್ಪವನ್ನೇ ನಂಬಿದೆ. 0.1 ಮಿ.ಮೀ. ಹಾಳೆಗೆ ಆ ಗಟ್ಟಿತನವಿಲ್ಲ. ಬೆನ್ನಿಲ್ಲದ್ದರಿಂದ ಹಿಂದಿನಿಂದ ಒತ್ತಿ ತಡೆಗಳಿಗೆ ತಾಗಿಸಲು ಏನೂ ಇಲ್ಲ, ಅರ್ಧದ ಅಗಲ 11 ಮಿ.ಮೀ. ಆದ್ದರಿಂದ ಹಿಂಭಾಗಕ್ಕೆ ಮುಟ್ಟುವುದೂ ಇಲ್ಲ. ಶೇವ್ ಮಾಡುವಾಗ ಅಂಚು ಕಂಪಿಸುತ್ತದೆ, ನಡುವೆ ಜಾರಿ ಓರೆಯಾಗುತ್ತದೆ. ಅಡಿಗೆ ಹಳೆಯ ಜೆಮ್ ಬ್ಲೇಡ್ ಇಟ್ಟು ಮೇಲೆ ಅರ್ಧ ಬ್ಲೇಡ್ ಕೂರಿಸುವ ಉಪಾಯ ಮಾಡಿದರೂ ಜಾರುವ ತೊಂದರೆ ಉಳಿದೇ ಉಳಿಯುತ್ತದೆ. ಮುಖದ ಮೇಲೆ ಓರೆಯಾಗುವ ಬ್ಲೇಡಿನೊಂದಿಗೆ ಪ್ರಯೋಗ ಬೇಡ.

*ಪೆಟ್ಟಿಗೆಯಲ್ಲೇ ಸಿಕ್ಕ ಹಳೆಯ ಬ್ಲೇಡ್.* ಕಾಗದ ಬಿಚ್ಚದಿದ್ದರೂ ಬೇಡ. ಹಳೆಯ ಕಾರ್ಬನ್ ಸ್ಟೀಲ್ ಅಂಚಿನಲ್ಲಿ ಕಣ್ಣಿಗೆ ಕಾಣದ ತುಕ್ಕಿನ ಗುಳಿಗಳಿರುತ್ತವೆ. ಆ ಕಾಲದಲ್ಲಿ ಕೆಲವು ಸೆಟ್‌ಗಳ ಜೊತೆ ಬ್ಲೇಡ್ ತಿಕ್ಕುವ ಹಿಡಿಯನ್ನೇ ಕೊಡುತ್ತಿದ್ದರು. ಅಂಚು ಅಷ್ಟು ಬೇಗ ಹೋಗುತ್ತಿತ್ತು. ಕಾಗದದ ಸಮೇತ ಎತ್ತಿಡಿ, ಸಂಗ್ರಹಕ್ಕೆ ಚೆಂದ.

ಕೂರಿಸುವ ಕ್ರಮ

1. ರೇಜರ್ ಒಣಗಿರಲಿ, ಕೈ ಒಣಗಿರಲಿ. ಬಾತ್‌ರೂಮಿನ ಸಿಂಕಿನ ಮೇಲಲ್ಲ, ಟವೆಲ್ ಹಾಸಿದ ಮೇಜಿನ ಮೇಲೆ ಮಾಡಿ. ಜಾರಿ ಬಿದ್ದ ಬ್ಲೇಡನ್ನು ಕೈ ತಾನಾಗಿ ಹಿಡಿಯಲು ಹೋಗುತ್ತದೆ.

2. ಎಣ್ಣೆ ಇದ್ದರೆ ಹತ್ತಿಗೆ ಸ್ಪಿರಿಟ್ ಹಾಕಿ, ಬೆನ್ನಿನಿಂದ ಅಂಚಿನ ಕಡೆಗೆ ಒಮ್ಮೆ ಒರೆಸಿ. ಅಂಚಿನ ಉದ್ದಕ್ಕೆ ಒರೆಸಬಾರದು. ಬೆರಳೂ ಹೋಗುತ್ತದೆ, ಲೇಪವೂ.

3. ಬ್ಲೇಡನ್ನು ಬೆನ್ನಿನಲ್ಲಿ ಮಾತ್ರ ಹಿಡಿಯಿರಿ. ಮುಚ್ಚಳ ಪೂರ್ತಿ ತೆರೆದು, ಅಂಚು ಹಲ್ಲುಗಳ ಕಡೆಗೆ, ಬೆನ್ನು ಹಿಂದಕ್ಕೆ ಬರುವಂತೆ ಇಡಿ. ಮೈಕ್ರೊಮ್ಯಾಟಿಕ್ ಆದರೆ ಮುಚ್ಚಳದ ಅಡಿಗೆ ಜಾರಿಸಿ.

4. ಮುಚ್ಚುವ ಮೊದಲು ಒಂದು ಕಣ್ಣು ಮುಚ್ಚಿ ಮುಂದಿನಿಂದ ನೋಡಿ. ಎರಡು ಮೂಲೆಗಳೂ ತಡೆಗಳಿಗೆ ತಾಗಿವೆಯೇ? ಒಂದು ತಾಗಿ ಇನ್ನೊಂದು ಬಿಟ್ಟಿದ್ದರೆ ಬೆನ್ನನ್ನು ಬೆಂಕಿಕಡ್ಡಿಯ ತುದಿಯಿಂದ ಸ್ವಲ್ಪ ತಳ್ಳಿ.

5. ಮುಚ್ಚಳ ಮೆಲ್ಲಗೆ ಮುಚ್ಚಿ. ತಡೆದರೆ ನಿಲ್ಲಿಸಿ. ದಪ್ಪ ಹೆಚ್ಚಿದೆ, ಇಲ್ಲವೇ ಬೆನ್ನು ಒಳಗೆ ಕೂತಿಲ್ಲ, ಇಲ್ಲವೇ ಹಿಂದೆ ಸೋಪಿನ ಕಲ್ಲು ಉಳಿದಿದೆ. ಮೂರರಲ್ಲಿ ಯಾವುದಕ್ಕೂ ಬಲ ಪ್ರಯೋಗ ಔಷಧವಲ್ಲ.

6. ಬೆಳಕಿಗೆ ಹಿಡಿಯಿರಿ. ಅಂಚಿಗೂ ಹಲ್ಲುಗಳಿಗೂ ನಡುವಿನ ಬೆಳಕಿನ ಸೀಳು ಎಡದಿಂದ ಬಲಕ್ಕೆ ಒಂದೇ ಅಗಲ ಇರಬೇಕು. ಅನುಮಾನ ಬಂದರೆ ಬೈಕ್ ಮೆಕ್ಯಾನಿಕ್‌ಗಳು ಟ್ಯಾಪೆಟ್ ಹೊಂದಿಸಲು ಬಳಸುವ ಫೀಲರ್ ಗೇಜಿನ ಎಲೆಯನ್ನು ಎರಡೂ ತುದಿಯಲ್ಲಿ, ಅಂಚಿಗೆ ಒತ್ತದೆ, ತೂರಿಸಿ ನೋಡಬಹುದು. ಒಂದೇ ಎಲೆ ಎರಡೂ ಕಡೆ ಒಂದೇ ಸಡಿಲದಲ್ಲಿ ಹೋಗಬೇಕು.

7. ಬೆನ್ನು ಕೆಳಗೆ ಮಾಡಿ ರೇಜರನ್ನು ಅಲ್ಲಾಡಿಸಿ. ಕಿಟಿಕಿಟಿ ಸದ್ದು ಬಂದರೆ ಬ್ಲೇಡ್ ಸಡಿಲ, ಶೇವ್ ಬೇಡ.

ಅರ್ಧ ಮುಖದ ಪರೀಕ್ಷೆ

ಹೊಸ ಬ್ಲೇಡನ್ನು ಇಡೀ ಮುಖಕ್ಕೆ ಹಾಕಿದರೆ ಏನೂ ಗೊತ್ತಾಗುವುದಿಲ್ಲ. ಅಂದಿನ ನೊರೆ, ನಿದ್ದೆ, ನೀರು ಎಲ್ಲ ಸೇರಿ ಲೆಕ್ಕ ಕೆಡುತ್ತದೆ. ಬಲಗೆನ್ನೆಗೆ ನಿಮಗೆ ಗೊತ್ತಿರುವ ಬ್ಲೇಡ್, ಎಡಗೆನ್ನೆಗೆ ಪರೀಕ್ಷೆಯ ಬ್ಲೇಡ್. ಮರುದಿನ ಕೆನ್ನೆ ಬದಲಿಸಿ. ಮೊದಲ ದಿನ ಕುತ್ತಿಗೆಗೂ ಮೂಗಿನ ಕೆಳಗೂ ಒಯ್ಯಬೇಡಿ. ಮೊಡವೆ, ಗಾಯ ಇದ್ದಾಗ ಮುಂದೂಡಿ. ಸಕ್ಕರೆ ಕಾಯಿಲೆ ಇರುವವರು, ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು ಈ ಪರೀಕ್ಷೆಯನ್ನೇ ಮಾಡಬೇಡಿ.

ಕೋಲಾರ, ಬೆಂಗಳೂರಿನ ಬೋರ್‌ವೆಲ್ ನೀರಿನಲ್ಲಿ ಸುಣ್ಣದ ಅಂಶ ಹೆಚ್ಚು, ಸೋಪು ನೊರೆಯಾಗುವ ಬದಲು ಮೊಸರಿನಂತೆ ಒಡೆಯುತ್ತದೆ. ನೊರೆ ಕಲಸಲು ಮಾತ್ರ ಫಿಲ್ಟರಿನ ನೀರು ಎರಡು ಮೂರು ಚಮಚ ಬಳಸಿ, ವ್ಯತ್ಯಾಸ ಕೂಡಲೇ ಕಾಣುತ್ತದೆ. ಬ್ರಶ್‌ನಲ್ಲಿ ಒಂದೆರಡು ನಿಮಿಷ ತಿರುವಿ, ನೊರೆ ಗಟ್ಟಿ ಮೊಸರಿನಂತೆ ನಿಂತು ಮೇಲೆ ನೀರಿನ ಹೊಳಪು ಇರಬೇಕು. ಒಣಗಿದ ನೊರೆಯಲ್ಲಿ ಒಳ್ಳೆಯ ಬ್ಲೇಡೂ ಕೆಟ್ಟದೆನಿಸುತ್ತದೆ.

ಇನ್ನು ಕೋನ. ಎರಡು ಬಾಯಿಯ ರೇಜರ್ ಬಳಸಿದವರು ಇಲ್ಲೇ ಎಡವುವುದು. ಆ ಕೈಯಳತೆಯನ್ನು ಮರೆತುಬಿಡಿ. ಜೆಮ್ ರೇಜರಿನ ಮುಚ್ಚಳದ ಚಪ್ಪಟೆ ಮೈಯನ್ನು ಕೆನ್ನೆಗೆ ಪೂರ್ತಿ ಅಂಟಿಸಿ. ಹಿಡಿ ಆಗ ಮುಖದಿಂದ ಹೊರಕ್ಕೆ ಚಾಚಿರುತ್ತದೆ, ವಿಚಿತ್ರವೆನಿಸುತ್ತದೆ. ಅಲ್ಲಿಂದ ಹಿಡಿಯನ್ನು ಒಂದು ಕೂದಲೆಳೆಯಷ್ಟು ಮಾತ್ರ ಇಳಿಸಿ, ಅಂಚು ಕೂದಲಿಗೆ ತಾಗುವ ಸದ್ದು ಕೇಳಿದ ಕೂಡಲೇ ನಿಲ್ಲಿಸಿ. ಕೋನ ಇದೇ. ಸದ್ದೂ ಜೋರು, ದಪ್ಪ ಬ್ಲೇಡಾದ್ದರಿಂದ ಒಣ ಹುಲ್ಲು ಕೊಯ್ದ ಹಾಗೆ ಸರಸರ ಎನ್ನುತ್ತದೆ. ಹೆದರಬೇಡಿ. ಆ ಸದ್ದು ನಿಂತು ಬರಿ ಕೆರೆತದ ಅನುಭವ ಬಂದರೆ ಮಾತ್ರ ಕೋನ ತಪ್ಪಿದೆ.

ಒತ್ತಡ ಹಾಕಬೇಡಿ, ರೇಜರಿನ ತೂಕವೇ ಸಾಕು. ಕೂದಲು ಮಲಗಿದ ದಿಕ್ಕಿನಲ್ಲಿ, ಎರಡು ಮೂರು ಸೆಂಟಿಮೀಟರಿನ ಚಿಕ್ಕ ಎಳೆತಗಳು, ಒಂದೇ ಸುತ್ತು. ಎದುರು ದಿಕ್ಕು ಮೊದಲ ದಿನ ಬೇಡವೇ ಬೇಡ.

ಮುಗಿದ ಮೇಲೆ ತಣ್ಣೀರಿನಲ್ಲಿ ತೊಳೆದು, ಸ್ಫಟಿಕದ ಗಡ್ಡೆ ಒದ್ದೆ ಮಾಡಿ ಎರಡೂ ಕೆನ್ನೆಗೆ ಒಂದೇ ಸಮ ಸವರಿ. ಸೆಲೂನಿನಲ್ಲಿ ರಕ್ತ ನಿಲ್ಲಿಸಲು ಹಚ್ಚುವ ಅದೇ ಸ್ಫಟಿಕ. ಪರೀಕ್ಷೆಗೆ ಇದಕ್ಕಿಂತ ಪ್ರಾಮಾಣಿಕ ಸಾಕ್ಷಿ ಇಲ್ಲ. ಯಾವ ಕೆನ್ನೆ ಹೆಚ್ಚು ಉರಿಯುತ್ತದೋ ಆ ಬ್ಲೇಡು ಚರ್ಮವನ್ನು ಹೆಚ್ಚು ಕೆರೆದಿದೆ. ಹತ್ತು ನಿಮಿಷದ ನಂತರ ಕನ್ನಡಿಯಲ್ಲಿ ಕೆಂಪು ನೋಡಿ, ಸಂಜೆ ಬೆರಳಿನಿಂದ ಕೂದಲು ತಡವಿ ನೋಡಿ, ಮೂರನ್ನೂ ಬರೆದಿಡಿ. ಮೂರು ಶೇವ್ ಆಗುವವರೆಗೆ ತೀರ್ಮಾನ ಬೇಡ. ಲೇಪವಿರುವ ಕೆಲವು ಬ್ಲೇಡುಗಳು ಮೊದಲ ದಿನಕ್ಕಿಂತ ಎರಡನೆಯ ದಿನ ನಯವಾಗಿರುತ್ತವೆ.

ಏನು ತಪ್ಪಿದರೆ ಏನಾಗುತ್ತದೆ

ಒಂದೇ ಕಡೆ, ಪ್ರತಿ ಸಲವೂ ಉಗುರು ಗೀಚಿದಂಥ ಗೆರೆ ಬಂದರೆ ಆ ಕಡೆಯ ತಡೆಯನ್ನು ನೋಡಿ, ಬ್ಲೇಡನ್ನು ಬೈಯಬೇಡಿ. ಬ್ಲೇಡ್ ಮಗುಚಿ ಹಾಕಿದರೂ ಅದೇ ಕಡೆ ಬಂದರೆ ತಡೆಯದೇ ತಪ್ಪು. ಕಡೆ ಬದಲಾದರೆ ಬ್ಲೇಡಿನ ಮೂಲೆ ಕೆಟ್ಟಿದೆ.

ಕೂದಲು ಎಳೆದ ಹಾಗಾದರೆ ಮೊದಲು ನೊರೆ, ಆಮೇಲೆ ಕೋನ, ಕೊನೆಗೆ ಬ್ಲೇಡ್, ಈ ಕ್ರಮದಲ್ಲೇ ಅನುಮಾನಿಸಿ. ರೇಜರ್ ನಡುಗುತ್ತಾ ಹೋದರೆ ಮುಚ್ಚಳ ಬಿಗಿಯಾಗಿ ಕೂತಿಲ್ಲ. ಮೈಕ್ರೊಮ್ಯಾಟಿಕ್‌ನ ಗುಬುಟು ಕೊನೆಯವರೆಗೆ ತಿರುಗಿದೆಯೇ ನೋಡಿ. ಕುತ್ತಿಗೆಯ ತುಂಬ ಸಣ್ಣ ಕೆಂಪು ಚುಕ್ಕೆ ಎದ್ದರೆ ಒತ್ತಡ ಹೆಚ್ಚಾಗಿದೆ.

ಮಂಗಳೂರು, ಕಾರವಾರದ ಕಡೆಯವರಿಗೆ ಇನ್ನೊಂದು ಮಾತು. ಮಳೆಗಾಲದಲ್ಲಿ ಲೇಪವಿಲ್ಲದ ಕಾರ್ಬನ್ ಬ್ಲೇಡಿಗೆ ಒಂದೇ ರಾತ್ರಿಯಲ್ಲಿ ಕಂದು ಚುಕ್ಕೆ ಮೂಡುತ್ತದೆ. ಶೇವ್ ಆದ ಕೂಡಲೇ ತೆಗೆದು, ನೀರು ಕೊಡವಿ, ಸ್ಪಿರಿಟ್‌ನಲ್ಲಿ ಅದ್ದಿ ಒಣಗಿಸಬೇಕು. ಚುಕ್ಕೆ ಅಂಚಿಗೆ ಮುಟ್ಟಿದ್ದರೆ ಎಸೆಯಿರಿ.

ಎರಡು ಬಾಯಿಯ ಹಳೆಯ ಜಿಲೆಟ್ ಇರುವವರಿಗೆ

ನಿಮಗೆ ಬ್ಲೇಡಿನ ಬರ ಇಲ್ಲ. 1930ಕ್ಕಿಂತ ಹಿಂದಿನ ಮೂರು ತೂತಿನ ಬ್ಲೇಡಿನ ಜಿಲೆಟ್‌ಗೂ ಇಂದಿನ ಬ್ಲೇಡ್ ಕೂರುತ್ತದೆ. ಆದರೆ ಜಿಲೆಟ್ ಕಂಪನಿಯದೇ ಟೆಕ್ ಎಂಬ ಮಾದರಿಯಂಥ ಸೌಮ್ಯ ರೇಜರ್ ದಟ್ಟ ಗಡ್ಡಕ್ಕೆ ಸಾಲದೆನಿಸಿದರೆ ಬ್ಲೇಡಿನ ಅಡಿಗೆ ಒಂದು ಪದರ ಕೊಡಬಹುದು. ಹಳೆಯ ಬ್ಲೇಡೊಂದರ ಎರಡೂ ಹರಿತದಂಚುಗಳನ್ನು ಒಂದೂವರೆ ಮಿ.ಮೀ.ನಷ್ಟು ಕತ್ತರಿಯಿಂದ ತೆಗೆಯಿರಿ. ಕಣ್ಣಿಗೆ ಕನ್ನಡಕ ಹಾಕಿ, ಪ್ಲಾಸ್ಟಿಕ್ ಚೀಲದೊಳಗೆ ಕೈಯಿಟ್ಟು ಕತ್ತರಿಸಿ, ಏಕೆಂದರೆ ಚೂರು ಸಿಡಿಯುತ್ತದೆ. ಉಳಿದ ಹಾಳೆಯನ್ನು ಕೆಳತಟ್ಟೆಯ ಮೇಲೆ ಇಟ್ಟು, ಅದರ ಮೇಲೆ ಹೊಸ ಬ್ಲೇಡು, ಮೇಲೆ ಟೋಪಿ. ಅಂಚು ಒಂದು ಹಾಳೆಯಷ್ಟು, ಅಂದರೆ 0.1 ಮಿ.ಮೀ. ಮೇಲೇಳುತ್ತದೆ. ಓದಲು ಅಲ್ಪವೆನಿಸಿದರೂ ಕೆನ್ನೆಗೆ ಬೇರೆ ರೇಜರ್ ಹಿಡಿದ ಹಾಗಿರುತ್ತದೆ. ಇದು ಮೂರು ಬಿಡಿ ಭಾಗದ ರೇಜರಿಗೆ ಮಾತ್ರ. ಬಾಗಿಲು ತೆರೆದುಕೊಳ್ಳುವ ಬಗೆಯಲ್ಲಿ ಬಾಗಿಲು ಪೂರ್ತಿ ಮುಚ್ಚದೆ ಹೋಗಬಹುದು.

ಹಳೆಯ ಬ್ಲೇಡ್ ಎಲ್ಲಿಗೆ

ಮುಚ್ಚಳ ಭದ್ರವಾಗಿರುವ ಒಂದು ತಗಡಿನ ಡಬ್ಬಿ ತೆಗೆದುಕೊಳ್ಳಿ. ಮುಚ್ಚಳದಲ್ಲಿ ಜೆಮ್ ಬ್ಲೇಡಿನ ಬೆನ್ನು ಹೋಗುವಷ್ಟು, ಎರಡು ಮಿ.ಮೀ.ನ ಸೀಳು ಮಾಡಿ, ಸುತ್ತ ಟೇಪ್ ಸುತ್ತಿ. ತುಂಬಿದ ಮೇಲೆ ಸೀಳಿನ ಮೇಲೂ ಟೇಪ್ ಹಾಕಿ, ಮೇಲೆ 'ಬ್ಲೇಡ್' ಎಂದು ದೊಡ್ಡದಾಗಿ ಬರೆದು, ಹಸಿ ಕಸ, ಒಣ ಕಸ ಎರಡಕ್ಕೂ ಸೇರಿಸದೆ ಪೌರಕಾರ್ಮಿಕರ ಕೈಗೆ ಹೇಳಿ ಕೊಡಿ. ಕಸ ಬೇರ್ಪಡಿಸುವುದು ಅವರ ಕೈ.